ಮಧ್ಯಾಹ್ನವೇ ಮುಳುಗಿದ ಸೂರ್ಯ, ಅಕ್ಕನ ಗುಳಿಗೆ

ಲೂಲಿಯೋ: ಒಂದು ಗಂಟೆ ಹನ್ನೆರಡು ನಿಮಿಷ

ಡಿಸೆಂಬರಿನ ಆ ಮಂಗಳವಾರ ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷಕ್ಕೆ, ಸ್ವೀಡನ್ನಿನ ಉತ್ತರದ ಲೂಲಿಯೋ ಎಂಬ ಊರಿನಲ್ಲಿ ಸೂರ್ಯ ಮುಳುಗಿದ. ಎಲ್ಲ ಕೆಡಲು ಶುರುವಾದದ್ದು ಅಲ್ಲಿಂದ. ಅಕ್ಕ ಫೋನು ಮಾಡಿದ್ದು ಆಗಲೇ. ಆ ಕರೆಯ ಸಮಯವನ್ನು ಮೊಬೈಲಿನಲ್ಲಿ ಆಮೇಲೆ ಎಷ್ಟು ಸಲ ತೆಗೆದು ನೋಡಿದ್ದೇನೋ ನನಗೇ ತಿಳಿಯದು.

“ತಮ್ಮಾ, ಹ್ವಾದ ನೋಡಪಾ ನಿಮ್ಮ ಸ್ವೀಡನ್ ಸೂರ್ಯಾ,” ಎಂದಳು. “ಊಟದ ಗಂಟಿ ಹೊಡಿಯೂದ್ರಾಗ ಸಾಲಿ ಬಿಟ್ಟಂಗ ಆತು.”

“ಗುಳಗಿ ತಗೊಂಡಿಯಿಲ್ಲ?”

“ಮೂರೂ ಆಗ್ಯಾವ. ಹೊತ್ತಿದ್ದಾಗನ ತಗೊಂಡೀನಿ. ನೀ ನಿನ್ನ ಕೆಲಸಾ ನೋಡಕೋ. ನಾ ಸ್ವಲ್ಪ ಅಡ್ಡಾಗತೀನಿ.”

ನಾನು ಆಗ ಒಂದು ಪಂಪಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಿಂತಿದ್ದೆ. ಬೆಳಗಾವಿಯ ಉದ್ಯಮಬಾಗದ ನಮ್ಮ ಫೌಂಡ್ರಿಯಿಂದ ಬಂದ ಎರಕದ ತುಂಡೊಂದು ಸೂಕ್ಷ್ಮದರ್ಶಕದ ಕೆಳಗಿತ್ತು. ಅಕ್ಕ ಸುಳ್ಳು ಹೇಳಿರಲಿಲ್ಲ. ಮೂರೂ ಗುಳಿಗೆ ನುಂಗಿದ್ದಳು. ಆದರೆ ಫೋನು ಇಟ್ಟ ಸ್ವಲ್ಪ ಹೊತ್ತಿಗೆ ಅವಳಿಗೆ ವಾಂತಿಯಾಯಿತು. ಕೊನೆಯ ಗುಳಿಗೆ ಹೊರಗೆ ಬಂತು. ಇನ್ನೊಂದು ನುಂಗಬೇಕಿತ್ತು. ನುಂಗಲಿಲ್ಲ, ಯಾಕೆಂದರೆ ಹೊತ್ತು ಮುಳುಗಿತ್ತು. ಮತ್ತೆ ಹುಟ್ಟಲು ಅಲ್ಲಿ ಇಪ್ಪತ್ತು ತಾಸು ಬೇಕು.

ಬೆಳಗಾವಿ: ಗಾಜಿನ ಪಟ್ಟಿಯ ಮೇಲೆ

ಅಕ್ಕನ ಹೆಸರು ಸುಮತಿ. ಖಾನಾಪುರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಇಡೀ ಆಯುಷ್ಯ ಕಳೆದವಳು. ಮದುವೆಯಾಗಲಿಲ್ಲ. ಅವ್ವ ತೀರಿಕೊಂಡಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ನನ್ನನ್ನು ಓದಿಸಿದವಳು, ಎಂಜಿನಿಯರ್ ಮಾಡಿದವಳು, ಪೀರನವಾಡಿಯಲ್ಲಿ ನನ್ನ ಸಂಸಾರ ಹೂಡಿಸಿದವಳು ಅವಳೇ. ನಮ್ಮದು ಜೈನ ಮನೆತನ. ಅವ್ವ ಹೋದ ವರ್ಷ ಅಕ್ಕ ಒಬ್ಬ ಮುನಿಗಳ ಮುಂದೆ ನೇಮ ಹಿಡಿದಳು: ಹೊತ್ತು ಮುಳುಗಿದ ಮೇಲೆ ಹೊತ್ತು ಹುಟ್ಟುವವರೆಗೆ ಬಾಯಿಗೆ ಏನೂ ಇಲ್ಲ, ನೀರೂ ಇಲ್ಲ. ನಮ್ಮಲ್ಲಿ ಇದು ಹೊಸದಲ್ಲ. ಬಹಳ ಮಂದಿ ಔಷಧಕ್ಕೂ ನೀರಿಗೂ ಸಡಿಲ ಇಟ್ಟುಕೊಂಡೇ ಹಿಡಿಯುತ್ತಾರೆ. ಮುನಿಗಳೂ ಕೇಳಿದ್ದರು, “ಔಷಧಕ್ಕ ಸಡಿಲ ಬೇಕೇನವ್ವಾ?” ಎಂದು.

“ಏನೂ ಬ್ಯಾಡ್ರಿ ಮಹಾರಾಜ,” ಎಂದಿದ್ದಳು ಅಕ್ಕ. ಆಗ ಅವಳಿಗೆ ನೆಗಡಿ ಕೂಡ ಬರುತ್ತಿರಲಿಲ್ಲ.

ಪ್ರವಾಸಕ್ಕೆ ವರ್ಷ ಮೊದಲು ಅವಳಿಗೆ ತಲೆನೋವು ಶುರುವಾಯಿತು. ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳತೊಡಗಿದಳು. ಖಾನಾಪುರ ಬಸ್‌ಸ್ಟ್ಯಾಂಡಿನಲ್ಲಿ ಬಾಜೂದಿಂದ ಬಂದ ಬೈಕು ಅವಳ ಕಣ್ಣಿಗೇ ಬೀಳಲಿಲ್ಲ. ಟಾಂಗಾ ಕುದುರೆಗೆ ಕಣ್ಣಿನ ಎರಡೂ ಬದಿಗೆ ಪಟ್ಟಿ ಕಟ್ಟುತ್ತಿದ್ದರಲ್ಲ, ಹಾಗೆ ಎದುರಿನದು ಮಾತ್ರ ಕಾಣುತ್ತಿತ್ತು. ಬೆಳಗಾವಿಯಲ್ಲಿ ಸ್ಕ್ಯಾನ್ ಮಾಡಿದರು. ಮಿದುಳಿನ ಬುಡದಲ್ಲಿ, ಕಣ್ಣಿನ ನರಗಳು ಕೂಡುವ ಜಾಗದ ಕೆಳಗೆ, ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ಗ್ರಂಥಿಯಿದೆ. ಅಲ್ಲಿ ಗಡ್ಡೆ. ಮೂಗಿನ ಒಳಗಿನಿಂದಲೇ ಹೋಗಿ ತೆಗೆದರು. ಬಹಳ ರಕ್ತ ಹೋಯಿತು ಎಂದು ಸರ್ಜನ್ ಬೆವರೊರೆಸುತ್ತ ಹೇಳಿದರು.

ಆ ಗಡ್ಡೆಯ ಹೆಸರು ತಿಳಿಸಿದವರು ಪೆಥಾಲಜಿಯ ಮೇಡಂ. ನಾನು ದಿನಾ ಬೀಡು ಕಬ್ಬಿಣದ ಕಣ ನೋಡುವವನು ಎಂದು ತಿಳಿದು, “ಹಂಗಾರ ನೀವೂ ನೋಡ್ರಿ, ಕುಂದರ್ರಿ,” ಎಂದು ತಮ್ಮ ಸೂಕ್ಷ್ಮದರ್ಶಕ ಬಿಟ್ಟುಕೊಟ್ಟರು. ಗುಲಾಬಿ ಬಣ್ಣದ ಉಬ್ಬಿದ ಕೋಶಗಳು. ನಡುನಡುವೆ ನೂಲುವ ಕದಿರಿನ ಹಾಗೆ ಉದ್ದಕ್ಕೆ ಎಳೆದಂಥವು. ಒಳಗೆಲ್ಲ ಸಣ್ಣ ರವೆ ತುಂಬಿದಂತೆ.

“ಅವು ಮೈಟೊಕಾಂಡ್ರಿಯಾ,” ಎಂದರು. “ಕೋಶಕ್ಕ ಶಕ್ತಿ ಮಾಡಿಕೊಡೂ ಭಟ್ಟಿ ಅನ್ರಿ. ಎಲ್ಲಾ ಕೋಶದಾಗೂ ಇರತಾವ. ಈ ಕೋಶ ಏನ್ ಮಾಡೇತಿ ಅಂದ್ರ, ಕಾರ್ಖಾನಿ ತುಂಬ ಬರೇ ಭಟ್ಟಿನ ಕಟ್ಟೇತಿ. ಕೆಲಸಗಾರರು ನಿಂದ್ರಾಕ ಜಾಗಾ ಇಲ್ಲ. ಭಟ್ಟೀನೂ ಸರಿ ಉರಿಯೂದಿಲ್ಲ. ಇಂಥಾ ಕೋಶಕ್ಕ ಆಂಕೋಸೈಟ್ ಅಂತಾರ. ಇದರ ಗಡ್ಡಿ ಆಂಕೋಸೈಟೋಮಾ.”

“ತಲ್ಯಾಗ ಅಷ್ಟ ಆಗತಾವೇನ್ರಿ?”

“ತಲ್ಯಾಗ ಆಗೂದ ಅಪರೂಪ. ಕಿಡ್ನ್ಯಾಗ ಹೆಚ್ಚು ನೋಡತೀವಿ. ಕುತ್ತಿಗ್ಯಾಗ ಥೈರಾಯ್ಡಿನೊಳಗ ಆಗತಾವ, ಅಲ್ಲಿ ಕೆಲವೊಂದು ಕೆಟ್ಟವೂ ಇರತಾವ. ಕಿವಿ ಮುಂದ ಜೊಲ್ಲಿನ ಗ್ರಂಥಿ ಐತಲ್ಲ, ಅದರಾಗ. ಕಿಡ್ನಿ ಮ್ಯಾಲ ಟೊಪಗಿ ಇಟ್ಟಂಗ ಅಡ್ರಿನಲ್ ಗ್ರಂಥಿ ಇರತೈತಿ, ಅಲ್ಲಿ ಬಾಳ ಕಡಿಮಿ. ಕಣ್ಣಿನ ಒಳಮೂಲ್ಯಾಗ ಕೆಂಪನ್ನ ಮಾಂಸ ಇರತೈತಿ ನೋಡ್ರಿ, ವಯಸ್ಸಾದವರಿಗೆ ಅಲ್ಲಿ ಅಕ್ಕಿಕಾಳಿನಷ್ಟು ಬೆಳದದ್ದು ಒಂದ ಸಲ ನೋಡೀನಿ. ಆದ್ರ ಪಿಟ್ಯುಟರ್ಯಾಗ ಈ ಕದಿರಿನಂಥಾದ್ದು...” ಕನ್ನಡಕ ತೆಗೆದು ಒರೆಸಿಕೊಂಡರು. “ಪುಸ್ತಕದಾಗ ಓದಿದ್ದೆ. ಕೈಗೆ ಬಂದದ್ದು ಇದ ಮೊದಲು.”

“ಕ್ಯಾನ್ಸರ್ ಏನ್ರಿ?”

“ಅಲ್ಲ. ಗಡ್ಡಿ ಒಳ್ಳೇದ ಐತ್ರಿ. ಕುಂತ ಜಾಗಾ ಕೆಟ್ಟದು. ರಕ್ತ ಬಾಳ ಇರತೈತಿ, ಪೂರ್ತಿ ತಗಿಯಾಕ ಬರೂದಿಲ್ಲ, ತಿರುಗಿ ಬೆಳೀಬಹುದು.”

ಇದನ್ನು ಅಕ್ಕನಿಗೆ ಹೇಳಿದೆ. ಅವಳು ಮೂಗಿನ ಹತ್ತಿಯೊಳಗಿಂದಲೇ ನಕ್ಕಳು. “ಒಳ್ಳೇದು, ಜಾಗಾ ಕೆಟ್ಟದು. ನೀ ಪೀರನವಾಡ್ಯಾಗ ಪ್ಲಾಟ್ ತಗೊಂಡಂಗ.”

ಕಣ್ಣಿನ ಬದಿಯ ನೋಟ ಮರಳಲಿಲ್ಲ. ಗ್ರಂಥಿ ಸತ್ತುಹೋಗಿತ್ತು. ದೇಹ ಮಾಡಬೇಕಾದ ಸ್ಟಿರಾಯ್ಡನ್ನು ಇನ್ನು ಗುಳಿಗೆಯಿಂದಲೇ ಕೊಡಬೇಕು: ಎದ್ದಕೂಡಲೇ, ಮಧ್ಯಾಹ್ನ, ಸಂಜೆ. ತಪ್ಪುವಂತಿಲ್ಲ. ವಾಂತಿಯಾದರೆ ಮತ್ತೊಂದು, ಜ್ವರ ಬಂದರೆ ಎರಡರಷ್ಟು. ಏನೂ ನುಂಗಲಾಗದಿದ್ದರೆ ತೊಡೆಗೆ ಸೂಜಿ. ಅದನ್ನು ಚುಚ್ಚುವುದನ್ನು ಒಬ್ಬ ನರ್ಸ್ ನನಗೆ ಕಿತ್ತಳೆಹಣ್ಣಿನ ಮೇಲೆ ಕಲಿಸಿದ್ದಳು. ಖಾನಾಪುರದ ಹಗಲಿನಲ್ಲಿ ಮೂರೂ ಗುಳಿಗೆ ಆರಾಮಾಗಿ ಕೂತವು. ನೇಮಕ್ಕೂ ಔಷಧಕ್ಕೂ ಜಗಳ ಬರಲಿಲ್ಲ. ಹಾಗಾಗಿ ಯಾರೂ ಅದರ ಮಾತೇ ತೆಗೆಯಲಿಲ್ಲ.

ಲೂಲಿಯೋ: ಕಿಟಕಿಯ ದೀಪಗಳು

ಕೆಲಸದ ಮೇಲೆ ನಾನು ಸ್ವೀಡನ್ನಿಗೆ ಹೊರಟಾಗ ಅಕ್ಕ ತಾನೂ ಬರುತ್ತೇನೆಂದಳು. ಸ್ಕ್ಯಾನ್ ಚೆನ್ನಾಗಿತ್ತು, ಡಾಕ್ಟರು ಒಪ್ಪಿದರು.

“ನಾಕನೇತ್ತಾ ಹುಡುಗರಿಗೆ ಜೀವನಪೂರ್ತಿ ಧ್ರುವಪ್ರದೇಶದ ಪಾಠಾ ಹೇಳೀನಿ. ‘ಅಲ್ಲಿ ಚಳಿಗಾಲದಲ್ಲಿ ಹಗಲು ಅತಿ ಕಡಿಮೆ’ ಅಂತ ಬೋರ್ಡಿನ ಮ್ಯಾಲ ಬರದೀನಿ. ಒಂದ ಸಲರೆ ಹಿಮಾ ನೋಡತೀನಿ.”

ಆ ಪಾಠ ಹೇಳಿದವಳು ಅವಳು, ಆ ನಾಲ್ಕನೆಯ ತರಗತಿಯಲ್ಲೇ ಕೂತು ಕಲಿತವನು ನಾನು. ರೊಟ್ಟಿ ಕಟ್ಟಿಕೊಂಡೆವು, ಗುರೆಳ್ಳಿನ ಚಟ್ನಿ ಕಟ್ಟಿಕೊಂಡೆವು, ಉಣ್ಣೆ ಕಾಲುಚೀಲ ಕೊಂಡೆವು. ನೇಮದ ಸೂರ್ಯ ಮತ್ತು ಪಾಠದ ಸೂರ್ಯ ಒಬ್ಬನೇ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಕಾರ್ಖಾನೆಯವರು ಕೊಟ್ಟ ಮನೆ ಮೂರನೇ ಮಹಡಿಯಲ್ಲಿತ್ತು. ಎದುರಿನ ಬಾಗಿಲು ಇಂಗ್ರಿಡ್ ಎಂಬ ಮುದುಕಿಯದು. ಅವಳು ಸಣ್ಣ ಮಣಿಗಳ ಸರ ಹಾಕಿಕೊಂಡು, ಕೈಯಲ್ಲಿ ಸೂಪಿನ ಪಾತ್ರೆ ಹಿಡಿದು ಮೊದಲ ದಿನವೇ ಬಂದಳು. ಬಾಗಿಲಲ್ಲೇ ಚಪ್ಪಲಿ ಕಳಚಿಟ್ಟಳು. ಅಕ್ಕ ಹಿಗ್ಗಿಹೋದಳು. “ನೋಡೋ, ನಮ್ಮಂಗ! ಕಾಲ್ಮರಿ ಹೊರಗ!” ಸೂಪಿನಲ್ಲಿ ಮಾತ್ರ ಆಲೂಗಡ್ಡೆ, ಗಜ್ಜರಿ, ಉಳ್ಳಾಗಡ್ಡಿ. ಮಣ್ಣಿನೊಳಗೆ ಬೆಳೆಯುವುದನ್ನು ಅಕ್ಕ ತಿನ್ನುವುದಿಲ್ಲ. “ನೆಲದ ಮ್ಯಾಲ ಏನೂ ಬೆಳಿಯೂದ ಇಲ್ಲೇನಪಾ ಇವರ ಊರಾಗ?” ಎನ್ನುತ್ತ ತನ್ನ ಇಷ್ಟದ ಹಾಲಿನ ಸಿಹಿ, ಬೆಳಗಾವಿಯ ಕುಂದಾದ ಡಬ್ಬಿ ತೆಗೆದು ಇಂಗ್ರಿಡ್ ಕೈಗಿಟ್ಟಳು. ಇಂಗ್ರಿಡ್ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆ ಡಬ್ಬಿ ಮುಗಿಯುವುದರೊಳಗೆ ಸ್ನೇಹವಾಗಿತ್ತು.

ಬಸ್ಸಿನಲ್ಲಿ ಪ್ರತಿಯೊಬ್ಬರೂ ಒಂದೊಂದು ಸೀಟು ಹಿಡಿದು ಕಿಟಕಿಯಾಚೆ ನೋಡುತ್ತ ಕೂರುತ್ತಾರೆ. ಖಾಲಿ ಸೀಟಿರುವಾಗ ಯಾರೂ ಇನ್ನೊಬ್ಬರ ಬಾಜೂಕ್ಕೆ ಕೂರುವುದಿಲ್ಲ. ಅಕ್ಕ ಹೋಗಿ ಒಬ್ಬ ತರುಣನ ಪಕ್ಕದಲ್ಲೇ ಕುಳಿತಳು. ಅವನು ಗಾಜಿಗೆ ಅಂಟಿಕೊಂಡುಬಿಟ್ಟ.

“ಪಾಪ, ಅಂಜಾಕತ್ತಾನ,” ಎಂದಳು. “ನಮ್ಮ ಖಾನಾಪುರ ಬಸ್ಸಿನ್ಯಾಗ ಇದ್ದಿದ್ರ ಇಷ್ಟೊತ್ತಿಗೆ ನನ್ನ ಲಗ್ನ ಯಾಕ ಆಗಲಿಲ್ಲ ಅಂತನೂ ಕೇಳಿ ಮುಗಿಸಿರತಿದ್ರು. ಅದೂ ಮರಾಠ್ಯಾಗ ಒಮ್ಮಿ, ಕನ್ನಡದಾಗ ಒಮ್ಮಿ.”

ಪ್ರತಿ ಕಿಟಕಿಯಲ್ಲೂ ಸಾಲಾಗಿ ದೀಪ. ಬೆಳಗ್ಗೆ ಹತ್ತಕ್ಕೆ ಸೂರ್ಯ ಕಷ್ಟಪಟ್ಟು ಪೈನ್ ಮರಗಳ ತುದಿಯವರೆಗೆ ಬರುತ್ತಾನೆ. ಅಷ್ಟರಲ್ಲೇ ದಣಿದು, ಉಂಡು ಕೈ ತೊಳೆಯುವುದರೊಳಗೆ ಇಳಿದುಬಿಡುತ್ತಾನೆ. ಮೊದಲ ದಿನ ಅಕ್ಕನಿಗೆ ಇದು ಚೇಷ್ಟೆಯಾಗಿತ್ತು. ಒಂದೇ ಊಟ, ಅದರ ಸುತ್ತ ಮೂರು ಗುಳಿಗೆ. ಬೆಳಗ್ಗೆ ಐದಕ್ಕೇ ಎಚ್ಚರವಾದರೂ ಸೂರ್ಯನಿಗಾಗಿ ಕಾಯುತ್ತಿದ್ದಳು. ನಾನು ಏಳಕ್ಕೇ ಕಾರ್ಖಾನೆಗೆ ಹೋಗುತ್ತಿದ್ದೆ. ಇದು ನನಗೆ ಗೊತ್ತಾದದ್ದು ಎರಡನೇ ಸಂಜೆ. ದಿನವಿಡೀ ಹರಡಿಕೊಳ್ಳಬೇಕಾದ ಔಷಧವನ್ನು ಅವಳು ಮೂರು ತಾಸಿನೊಳಗೆ ಮುಗಿಸುತ್ತಿದ್ದಳು.

“ಅಕ್ಕಾ, ಒಂದ ಕೆಲಸಾ ಮಾಡು. ನಮ್ಮೂರ ಸೂರ್ಯಾನ ಲೆಕ್ಕ ಹಿಡಿ. ಇಲ್ಲಿ ನೀ ಏಳೂದ್ರಾಗ ಖಾನಾಪುರದಾಗ ಹೊತ್ತ ಏರಿರತೈತಿ. ಎದ್ದಕೂಡಲೇ ಒಂದರೆ ತಗೋಬಹುದು.”

“ಇಲ್ಲಿ ನಿಂತು ಅಲ್ಲೀ ಸೂರ್ಯಾನ ಲೆಕ್ಕ ಹಿಡದ್ರ ಅದು ಸೂರ್ಯಾ ಅಲ್ಲೋ, ಗಡಿಯಾರ,” ಎಂದಳು ಅಕ್ಕ. “ಕಣ್ಣಿಗೆ ಕಾಣೂದರ ಮ್ಯಾಲ ಮಾತ ಕೊಟ್ಟೀನಿ. ಇನ್ನೊಂದ ವಾರ. ಏನಾಗತೈತಿ?”

ಬೆಳಗಾವಿಯ ಡಾಕ್ಟರಿಗೆ ಫೋನು ಮಾಡಿದೆ. ಹಾಗೆ ಮಾಡಲೇಬಾರದು ಎಂದರು. ಅದನ್ನೂ ಅವಳಿಗೆ ಹೇಳಿದೆ. ಅವಳು ಹಾಸಿಗೆಯ ಅಂಚಿನಲ್ಲಿ ಕೂತು, ತಲೆ ಪೂರ್ತಿ ಎಡಕ್ಕೆ ತಿರುಗಿಸಿ, ಎದುರಿನ ಕಟ್ಟಡದ ಕಿಟಕಿ ದೀಪ ಎಣಿಸುತ್ತಿದ್ದಳು. ತಿರುಗಿಸದಿದ್ದರೆ ಅವು ಅವಳಿಗೆ ಕಾಣುತ್ತಿರಲಿಲ್ಲ.

ಅಡಿಗೆಮನೆಯ ನೆಲ

ಆ ಮಂಗಳವಾರ ನಾನು ಮರಳಿದಾಗ ಐದು ಗಂಟೆ. ಹೊರಗೆ ಕಾಡಿಗೆಯಂಥ ಕತ್ತಲೆ. ಅಕ್ಕ ಅಡಿಗೆಮನೆಯಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಮುಖ ಬೂದಿ ಬಳಿದಂತಿತ್ತು. ಕೈ ತಣ್ಣಗೆ, ಬೆವರು.

“ಬಾಹುಬಲಿ,” ಎಂದಳು.

“ಅಕ್ಕಾ?”

“ಬಾಹುಬಲಿ ಬಂದಿಲ್ಲೇನು? ಲಕ್ಷ್ಮಿ. ಹಾಜರ್ ಅನ್ನಬೇಕು. ಸುರೇಶ. ಸುರೇಶಾ, ಕಿಡಕ್ಯಾಗ ಏನ ನೋಡತಿ?”

ಅವಳು ಹಾಜರಿ ತೆಗೆಯುತ್ತಿದ್ದಳು. ಯಾವ ವರ್ಷದ ಮಕ್ಕಳೋ. ನನ್ನನ್ನು ನೋಡುತ್ತಿದ್ದಳು, ಕಾಣುತ್ತಿರಲಿಲ್ಲ. ವಾಂತಿ ಮಾಡಿಕೊಂಡು ತಾನೇ ನೆಲ ಒರೆಸಿದ್ದಳು. ಒದ್ದೆ ಬಟ್ಟೆ ಮಡಚಿ ಬದಿಗಿಟ್ಟಿದ್ದಳು.

ಗುಳಿಗೆ ನೀರಿನಲ್ಲಿ ಕದಡಿ ಚಮಚವನ್ನು ತುಟಿಗೆ ಹಿಡಿದೆ. ಅಷ್ಟು ಹೊತ್ತು ಎಲ್ಲೋ ಇದ್ದವಳು ಆ ಒಂದು ಕ್ಷಣ ಮರಳಿ ಬಂದಳು. ತುಟಿ ಬಿಗಿ ಹಿಡಿದಳು. ಹಲ್ಲು ಕಚ್ಚಿದ್ದು ನನಗೆ ಕೇಳಿಸಿತು. “ಹೊತ್ತ...” ಎಂದಳು ಮೂಗಿನಲ್ಲಿ. ನಾನು ಅವಳ ಗಲ್ಲ ಹಿಡಿದು ಒತ್ತಿದೆ. ನನ್ನನ್ನು ಸಾಕಿದ ಆ ಮುಖವನ್ನು ಹಾಗೆ ಒತ್ತಿದ್ದು ನನ್ನ ಬೆರಳಿಗೆ ಇನ್ನೂ ನೆನಪಿದೆ. ನೀರು ಕುತ್ತಿಗೆಗೆ ಇಳಿಯಿತು. ಒಳಗೆ ಹನಿಯೂ ಹೋಗಲಿಲ್ಲ.

ಬಾಗಿಲು ತೆಗೆದು ಕೂಗಿದೆ. ಯಾವ ಭಾಷೆಯಲ್ಲಿ ಕೂಗಿದೆನೋ. ಇಂಗ್ರಿಡ್ ಓಡಿಬಂದಳು, ಹೊಸ್ತಿಲಲ್ಲಿ ಕಾಲಿನ ಚಪ್ಪಲಿ ಕಳಚಿದಳು, ಜೋಡಿಸಿಟ್ಟಳು, ಆಮೇಲೆ ಒಳಗೆ ಬಂದಳು. ಆ ಜೋಡಿಸುವ ಒಂದು ಕ್ಷಣದಲ್ಲಿ ನಾನು ಅವಳನ್ನು ದ್ವೇಷಿಸಿದೆ. ಅವಳು ಅಂಬುಲೆನ್ಸಿಗೆ ಫೋನು ಮಾಡಿ, ಅಕ್ಕನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಸೂಜಿಯ ಡಬ್ಬಿ ಸೂಟ್‌ಕೇಸಿನ ತಳದಲ್ಲಿ, ರೊಟ್ಟಿಯ ಗಂಟಿನ ಕೆಳಗಿತ್ತು. ನೀರಿನ ಸಣ್ಣ ಸೀಸೆಯ ಕುತ್ತಿಗೆ ಮುರಿಯುವಾಗ ಗಾಜು ನನ್ನ ಬೆರಳು ಕೊಯ್ದಿತು. ಔಷಧದ ಪುಡಿ ಕರಗುತ್ತಿಲ್ಲ, ರಕ್ತಕ್ಕೆ ಸಿರಿಂಜು ಜಾರುತ್ತಿದೆ. ಕಿತ್ತಳೆಹಣ್ಣು ಅಲುಗಾಡುತ್ತಿರಲಿಲ್ಲ, ಅಕ್ಕ ನಡುಗುತ್ತಿದ್ದಳು. ಇಂಗ್ರಿಡ್ ಎರಡೂ ಕೈಯಿಂದ ಅವಳ ಮೊಣಕಾಲು ಒತ್ತಿ ಹಿಡಿದಳು. ಚುಚ್ಚಿದೆ. ಪೂರ್ತಿ ಒತ್ತಿದೆ. ಅಕ್ಕ “ಶಾಂತವ್ವ” ಎಂದು ಮುಂದಿನ ಹೆಸರು ಕರೆದಳು.

ಅಂಬುಲೆನ್ಸಿನವರು ಬೂಟುಗಾಲಲ್ಲೇ ಒಳಗೆ ಬಂದರು. ನಾವು ಹೊರಟ ಮೇಲೆ ಇಂಗ್ರಿಡ್ ಹಿಂದೆ ನಿಂತು ಅವರ ಹೆಜ್ಜೆಯ ಹಿಮ, ನನ್ನ ರಕ್ತ, ಎಲ್ಲ ಒರೆಸಿದ್ದಳೆಂದು ಮರುದಿನ ಬಂದು ನೋಡಿದಾಗ ತಿಳಿಯಿತು. ಅಕ್ಕನ ಒದ್ದೆ ಬಟ್ಟೆಯನ್ನು ತೊಳೆದು ಒಣಹಾಕಿದ್ದಳು.

ಊರ ಹೊರಗಿನ ಆಸ್ಪತ್ರೆ

ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಅಲ್ಲಿಯ ಡಾಕ್ಟರ್, ನನ್ನ ಮಗಳ ವಯಸ್ಸಿನ ಹುಡುಗಿ. ಗಡ್ಡೆಯ ಹೆಸರು ಕೇಳಿದಳು. ಹೇಳಿದೆ.

“ಕಿಡ್ನಿಯಲ್ಲಿಯೆ?”

ನಾನು ಹಣೆಯ ಕಡೆ ಬೆರಳು ತೋರಿಸಿದೆ. ಅವಳು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದಳು. ಆಮೇಲೆ ಅವಳ ಹಿರಿಯರು ಬಂದರು, ಅವರ ಹಿಂದೆ ಇನ್ನಿಬ್ಬರು. ಎಲ್ಲರೂ ಮೆಲ್ಲಗೆ ಅಕ್ಕನ ಕಣ್ಣೆದುರು ಬೆರಳು ಆಡಿಸಿ ನೋಡಿದರು. ಎಚ್ಚರವಾಗಿದ್ದ ಅಕ್ಕ ನನ್ನ ಕಿವಿಯಲ್ಲಿ, “ಏನೋ, ಹೆಣ್ಣ ನೋಡಾಕ ಬಂದಂಗ ಬರಾಕತ್ತಾರ. ಇಷ್ಟ ಮಂದಿ ನಮ್ಮ ಅಂಗಳಾ ತುಳದಿದ್ರ ನನ್ನ ಲಗ್ನ ಎಂದೋ ಆಗಿರತಿತ್ತು,” ಎಂದಳು. ನಾನು ನಗಲು ಹೋಗಿ ಅತ್ತೆ.

ತಲೆಯ ಸ್ಕ್ಯಾನ್ ಮಾಡಿದರು. ಗಡ್ಡೆ ಮತ್ತೆ ಬೆಳೆದಿತ್ತು. ಕಣ್ಣಿನ ನರವನ್ನು ಮತ್ತೆ ತಳ್ಳುತ್ತಿತ್ತು. ಹಿರಿಯ ಡಾಕ್ಟರು ಅದನ್ನು ಕುರ್ಚಿ ಎಳೆದುಕೊಂಡು, ಅಕ್ಕನ ಎತ್ತರಕ್ಕೆ ಕೂತು ಹೇಳಿದರು. ಕೆಟ್ಟ ಸುದ್ದಿಯನ್ನು ನಿಂತು ಹೇಳುವುದಿಲ್ಲ ಅವರು. ಹೇಳಿದ ಮೇಲೆ ಎದ್ದೂ ಹೋಗುವುದಿಲ್ಲ. ಮಾತಿಲ್ಲದೆ ಕೂತಿರುತ್ತಾರೆ. ನಮ್ಮಲ್ಲಾದರೆ 'ದೇವರಿದ್ದಾನೆ, ಅಂಜಬ್ಯಾಡ್ರಿ' ಎಂದು ಹತ್ತು ಮಂದಿ ಹೇಳಿರುತ್ತಿದ್ದರು. ಆ ಮೌನಕ್ಕಿಂತ ಅದು ಒಳ್ಳೆಯದೋ ಕೆಟ್ಟದ್ದೋ, ಇಂದಿಗೂ ನಿರ್ಧರಿಸಲಾಗಿಲ್ಲ.

ಮಧ್ಯಾಹ್ನ ಎರಡಕ್ಕೆ ನರ್ಸ್ ಗುಳಿಗೆ ತಂದಳು. ಕಿಟಕಿಯಾಚೆ ಕತ್ತಲೆ. ಅಕ್ಕ ತಲೆಯಾಡಿಸಿದಳು. ನಾನು ರೇಗಿದೆ.

“ನಿನ್ನೆ ಸತ್ತಿದ್ದಿ ನೀನು! ನಾ ಏನ್ ಹೇಳಲಿ ಊರಾಗ? ಸೂರ್ಯಾ ಕೊಂದ ಅಂತ ಹೇಳಲೇನು?”

“ಚೀರಬ್ಯಾಡ. ಇದು ದವಾಖಾನಿ.” ಕೈಯ ಸಲೈನ್ ನಳಿಗೆಯನ್ನು ನೋಡಿಕೊಂಡು ಕೇಳಿದಳು, “ಹೌದು, ನಿನ್ನೆ ಸೂಜಿ ಮಾಡಿದಿ ಅಲ್ಲ?”

“ಮಾಡಿದೆ.”

“ಅದು ಬಾಯಾಗ ಹೋಗೂದಿಲ್ಲ. ನೇಮ ಇರೂದು ಬಾಯಿಗೆ. ಅಡ್ಡಿ ಇದ್ದಿದ್ದಿಲ್ಲ.” ಕೆನ್ನೆ ಸವರಿಕೊಂಡು, “ಮೊದಲ ಹೇಳಿದ್ರ ನಾನ ತೊಡಿ ತೋರಸತಿದ್ದೆ. ಸುಮ್ನ ನನ್ನ ಗಲ್ಲಾ ಹಿಚಕಿದಿ,” ಎಂದಳು. ಅಂದರೆ ನಾನು ಗಲ್ಲ ಒತ್ತಿದ್ದು ಅವಳಿಗೆ ಗೊತ್ತಿತ್ತು.

ಅಲ್ಲಿರುವವರೆಗೆ ಔಷಧವನ್ನು ನಳಿಗೆಯಲ್ಲೇ ಕೊಟ್ಟರು. ಒಂದು ಮುಂಜಾನೆ, ವರ್ಷದ ಕಡುಗತ್ತಲೆಯ ದಿನಗಳಲ್ಲಿ ಅವರು ಮಾಡುವ ಹಬ್ಬವಂತೆ, ಬಿಳಿ ಅಂಗಿಯ ಹುಡುಗಿಯರು ತಲೆಯ ಮೇಲೆ ದೀಪ ಇಟ್ಟುಕೊಂಡು ಹಾಡುತ್ತ ವಾರ್ಡಿನೊಳಗೆ ಸಾಲಾಗಿ ಬಂದರು. ಅಕ್ಕನಿಗೆ ಎದುರಿಗೆ ಬಂದ ಒಬ್ಬಳಷ್ಟೇ ಕಂಡಳು. “ಒಬ್ಬಾಕಿನ ಇಷ್ಟ ದನಿ ತಗೀತಾಳೇನು?” ಎಂದಳು. ನಾನು ಅವಳ ತಲೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದೆ, ಆಮೇಲೆ ಬಲಕ್ಕೆ. ಒಬ್ಬೊಬ್ಬರನ್ನೇ ನೋಡಿದಳು, ಹಾಜರಿ ತೆಗೆದುಕೊಳ್ಳುವವಳ ಹಾಗೆ.

ಹೊರಡುವ ದಿನ ಇಂಗ್ರಿಡ್ ವಿಮಾನ ನಿಲ್ದಾಣಕ್ಕೆ ಬಂದಳು. ನನ್ನ ಮೂಲಕ ಅಕ್ಕನಿಗೆ ಹೇಳಿಸಿದಳು: “ನೀವು ತಪ್ಪು ತಿಂಗಳಲ್ಲಿ ಬಂದಿರಿ. ಜೂನಿನಲ್ಲಿ ಬನ್ನಿ. ರಾತ್ರಿ ಹನ್ನೆರಡಾದರೂ ನಮ್ಮ ನದಿಯ ಮೇಲೆ ಬೆಳಕು ಆರುವುದಿಲ್ಲ. ಎಷ್ಟು ಬೇಕಾದರೂ ಊಟ ಮಾಡಬಹುದು.”

“ಹಂಗಾರ ಜೂನಿನ್ಯಾಗ ನಿಮ್ಮನಿಗೆ, ಡಿಸೆಂಬರಿನ್ಯಾಗ ನಮ್ಮನಿಗೆ,” ಎಂದಳು ಅಕ್ಕ. ಇಬ್ಬರೂ ಅಪ್ಪಿಕೊಂಡರು. ಅಲ್ಲಿಯ ಜನ ಹಾಗೆ ಸುಲಭವಾಗಿ ಅಪ್ಪಿಕೊಳ್ಳುವವರಲ್ಲ.

ದಾರಿಯಲ್ಲಿ ನಳಿಗೆ ಇರಲಿಲ್ಲ. ಸೂಜಿ ಜೀವಕ್ಕೆ ಬಂದಾಗ ಮಾತ್ರ ಎಂದಿದ್ದರು ಡಾಕ್ಟರು. ವಿಮಾನದಲ್ಲಿ ಗುಳಿಗೆಯ ಹೊತ್ತಾದಾಗ ನಾನು ಸುಮ್ಮನೆ ಅಂಗೈ ಚಾಚಿದೆ. ಕಿಟಕಿ ಕಪ್ಪಾಗಿತ್ತು. ಅಕ್ಕ ಅದನ್ನೇ ನೋಡಿ, “ಖಾನಾಪುರ ಮುಟ್ಟೂಮಟಾ ಅಷ್ಟ,” ಎಂದಳು. “ಇದರ ಬದಲಿ ಇವತ್ತಿನಿಂದ ಕುಂದಾ ಬಿಟ್ಟೆ. ಜೀವ ಇರೂಮಟಾ.” ನುಂಗಿದಳು. ಮುಂಬೈ ಬರುವವರೆಗೆ ಮುಖವನ್ನು ಕಿಟಕಿಯ ಕಡೆಗೇ ಇಟ್ಟಳು.

ಖಾನಾಪುರ

ಎರಡನೇ ಶಸ್ತ್ರಚಿಕಿತ್ಸೆ ಬೆಳಗಾವಿಯಲ್ಲೇ ಆಯಿತು. ಮೊದಲಿನದಕ್ಕಿಂತ ಹೆಚ್ಚು ರಕ್ತ ಹೋಯಿತು. ಪೆಥಾಲಜಿಯ ಮೇಡಂ ಈ ಸಲ ನನ್ನನ್ನು ಸೂಕ್ಷ್ಮದರ್ಶಕಕ್ಕೆ ಕರೆಯಲಿಲ್ಲ. “ಅದ ಐತ್ರಿ,” ಎಂದರು, “ಕೆಟ್ಟದಾಗಿ ಬದಲಾಗಿಲ್ಲ.” ಅವರು ಹೇಳಿದ್ದು ಸಮಾಧಾನದ ಮಾತೇ. ಆದರೆ ಗಡ್ಡೆ ನರಕ್ಕೆ ಅಂಟಿಕೊಂಡಿತ್ತು. ಅಕ್ಕನ ಎಡಗಣ್ಣು ಹೋಯಿತು. ಬಲಗಣ್ಣಿಗೆ ಬೆಳಕಿದ್ದರೆ ಬೆಳಕಿದೆ ಎಂದಷ್ಟೇ. ಅದು ಟ್ಯೂಬ್‌ಲೈಟೋ ಸೂರ್ಯನೋ ತಿಳಿಯದು.

ಅವಳು ಖಾನಾಪುರದ ಮನೆಯೇ ಬೇಕೆಂದಳು. ಕತ್ತಲಲ್ಲೂ ಗೊತ್ತಿರುವ ಮನೆ ಅದು. ಸಂಸಾರವನ್ನು ಪೀರನವಾಡಿಯಲ್ಲಿ ಬಿಟ್ಟು ನಾನೂ ಅಲ್ಲೇ ಉಳಿದು, ದಿನಾ ಅಲ್ಲಿಂದ ಉದ್ಯಮಬಾಗಕ್ಕೆ ಓಡಾಡತೊಡಗಿದೆ.

ನಿದ್ದೆಗೆಡಿಸಿದ್ದು ಹೊಸದೊಂದು ಬಾಧೆ. ಪಿಟ್ಯುಟರಿಯ ಹಿಂದಿನ ತುಂಡು ದೇಹದ ನೀರನ್ನು ಹಿಡಿದಿಡುತ್ತದಂತೆ. ಅದೂ ಹೋಗಿತ್ತು. ಅದಕ್ಕೆಂದು ಕೊಟ್ಟ ಹೊಸ ಗುಳಿಗೆಯ ಬಲ ಇಳಿದರೆ ಮೈಯ ನೀರೆಲ್ಲ ಮೂತ್ರವಾಗಿ ಹರಿದುಹೋಗುತ್ತಿತ್ತು. ಗಂಟೆಗೊಮ್ಮೆ ಬಚ್ಚಲಿಗೆ, ಮತ್ತೆ ಬಾಯಾರಿಕೆ. ಮಲಗುವ ಮುಂಚೆ ಒಂದು ಗುಳಿಗೆ, ತಲೆದಿಂಬಿನ ಬಳಿ ನೀರು, ಹೀಗೆಂದಿದ್ದರು ಡಾಕ್ಟರು. ಇದರ ಸೂಜಿ ಆಸ್ಪತ್ರೆಯಲ್ಲಷ್ಟೇ, ಮನೆಯಲ್ಲಿ ಗುಳಿಗೆಯೇ. ಅಕ್ಕ ಆ ಗುಳಿಗೆಯನ್ನು ಹೊತ್ತು ಮುಳುಗುವ ಮುಂಚೆಯೇ ನುಂಗುತ್ತಿದ್ದಳು. ನಟ್ಟಿರುಳಿಗೆ ಅದರ ಬಲ ಮುಗಿಯುತ್ತಿತ್ತು. ಅಲ್ಲಿಂದ ಬೆಳಗಿನವರೆಗೆ ಗೋಡೆ ಹಿಡಿದು ಓಡಾಟ. ನೀರು ಹೋಗುತ್ತಿತ್ತು, ಒಳಗೆ ಹನಿ ಬರುತ್ತಿರಲಿಲ್ಲ. ನಾಲಗೆ ಒಣಗಿ ಮಾತು ಅಂಟುತ್ತಿತ್ತು. ನಾನು ಅವಳ ಕೈ ಹಿಡಿದು ಹೋಗುತ್ತಿದ್ದೆ, ಬರುತ್ತಿದ್ದೆ. ಇಬ್ಬರಲ್ಲಿ ಒಬ್ಬರೂ ನಿದ್ದೆ ಮಾಡಲಿಲ್ಲ. ಕಣ್ಣು ಮುಚ್ಚಿದರೆ ನನಗೆ ಅಡಿಗೆಮನೆಯ ಆ ನೆಲ, ಕಚ್ಚಿದ ಹಲ್ಲಿನ ಆ ಸದ್ದು. ಹೀಗೆಯೇ ಬಿಟ್ಟರೆ ಒಂದು ರಾತ್ರಿ ಮತ್ತೆ ಹಾಜರಿ ತೆಗೆಯುತ್ತಾಳೆ, ಈ ಸಲ ಪಟ್ಟಿ ಮುಗಿಸಿಬಿಡುತ್ತಾಳೆ ಎಂದು ಡಾಕ್ಟರು ಹೇಳದೆಯೂ ನನಗೆ ಗೊತ್ತಿತ್ತು.

ಬಸದಿಯ ಪಂಡಿತರನ್ನು ಮನೆಗೆ ಕರೆತಂದೆ. “ರೋಗಿಗೆ ಸಡಿಲ ಐತಿ ಸುಮತಿಬಾಯಿ. ನೇಮ ಜೀವಾ ತಗಿಯಾಕಲ್ಲ,” ಎಂದರು ಅವರು.

“ಖರೇ ಐತ್ರಿ. ಆದ್ರ ಮಾತ ಕೊಟ್ಟದ್ದು ನಿಮಗಲ್ಲ, ಮಹಾರಾಜರಿಗೆ,” ಎಂದಳು ಅಕ್ಕ. “ಅವರು ಇಲ್ಲ. ಬಿಡಸರಿ ಅಂತ ಯಾರ ಮುಂದ ಕೇಳಲಿ?”

ಪ್ರತಿ ಸಂಜೆ ಕೇಳುತ್ತಿದ್ದಳು, “ಹೊತ್ತ ಹೋತೇನೋ?” ಎಂದು. ಕಣ್ಣಿಗೆ ಕಾಣುವುದರ ಮೇಲೆ ಮಾತು ಕೊಟ್ಟವಳು ಈಗ ನನ್ನ ಬಾಯಿ ನಂಬಬೇಕಿತ್ತು. 'ಇನ್ನೂ ಐತಿ' ಎಂದು ಒಂದು ಸುಳ್ಳು ಹೇಳಿದರೆ ಸಾಕಿತ್ತು. ಎಷ್ಟೋ ಸಲ ತುಟಿಯವರೆಗೆ ಬಂತು. ಹೇಳಲಾಗಲಿಲ್ಲ. ಕುರುಡಾದವಳಿಗೆ ಸೂರ್ಯನ ವಿಷಯದಲ್ಲಿ ಮೋಸ ಮಾಡುವುದೆಂದರೆ, ಅದನ್ನು ನುಂಗಿಕೊಂಡು ನಾನು ಬದುಕಲಾರೆ ಅನಿಸುತ್ತಿತ್ತು.

ಜೂನಿನ ಒಂದು ದಿನ, ಮೋಡ ಮುಸುಕಿದ ರಾತ್ರಿ, ಮಲಗಲು ಹಾಸಿಗೆ ಹಾಸುತ್ತಿದ್ದೆ. ಮೊಬೈಲು ಸದ್ದು ಮಾಡಿತು. ಇಂಗ್ರಿಡ್ ಒಂದು ಫೋಟೋ ಕಳಿಸಿದ್ದಳು. ಕೆಳಗೆ ಎರಡೇ ಮಾತು: ಸುಮತಿಗೆ, ಈಗಷ್ಟೇ ತೆಗೆದದ್ದು.

“ಯಾರೋ?” ಎಂದಳು ಅಕ್ಕ.

“ಇಂಗ್ರಿಡ್ ಬಾಯಿ. ಫೋಟೋ ಕಳಿಸ್ಯಾಳ.”

“ಏನೈತಿ ಹೇಳು.”

ಹೇಳಿದೆ. ನಾವು ನೋಡಿದಾಗ ಕಲ್ಲಾಗಿದ್ದ ಆ ನದಿ ಈಗ ಹರಿಯುತ್ತಿತ್ತು. ಅವಳ ಕಿಟಕಿಯಲ್ಲಿ ದೀಪದ ಬದಲು ಕೆಂಪು ಹೂವಿನ ಕುಂಡ. ಕಿಟಕಿಯ ಅಂಚಿನ ಮೇಲೆ ನಮ್ಮ ಕುಂದಾದ ಖಾಲಿ ಡಬ್ಬಿ, ಅದರೊಳಗೆ ಗುಂಡಿ, ದಾರ. ಹಿಂದೆ ನದಿಯ ಮೇಲೆ, ಪೈನ್ ಮರಗಳಿಗಿಂತ ಬಹಳ ಎತ್ತರದಲ್ಲಿ, ಸೂರ್ಯ.

“ಎಷ್ಟ ಎತ್ತರ?”

“ನಮ್ಮಲ್ಲಿ ನಾಕ ಗಂಟೆಕ್ಕ ಇರತಾನಲ್ಲ, ಅಷ್ಟು.”

ಹೊರಗೆ ಯಾವುದೋ ಗೂಡ್ಸ್ ಗಾಡಿ ಸ್ಟೇಶನ್ ದಾಟಿಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಅಕ್ಕ ಕಾದಳು. ತುಟಿಯನ್ನು ಒಣ ನಾಲಗೆಯಿಂದ ಸವರಿಕೊಂಡಳು.

“ಹೊತ್ತ ಹೋತೇನೋ ತಮ್ಮಾ?” ಎಂದಳು. ಸಂಜೆಯೇ ಕೇಳಿ ಉತ್ತರ ಪಡೆದಿದ್ದಳು; ಮೋಡದಲ್ಲಿ ಹೊತ್ತು ಆಗಲೇ ಹೋಗಿತ್ತು, ಗುಳಿಗೆ ತಪ್ಪಿತ್ತು. ಮತ್ತೆ ಕೇಳುತ್ತಿದ್ದಳು.

“ಇಂಗ್ರಿಡ್ ಬಾಯಿ ಮನ್ಯಾಗ ಇನ್ನೂ ಐತಿ ಅಕ್ಕಾ,” ಎಂದೆ.

“ಖರೇ?”

“ಖರೇ.”

“ಅಲ್ಲಿ ನಿಂತು ಇಲ್ಲೀ ಸೂರ್ಯಾ ಬ್ಯಾಡ ಅಂದಿದ್ದೆ ನಾ,” ಎಂದು ತನ್ನಷ್ಟಕ್ಕೆ ನಕ್ಕಳು. “ಆಗ ಕಣ್ಣ ಇದ್ದುವಲ್ಲ.” ಆಮೇಲೆ ಕತ್ತಲಿನಲ್ಲಿ ನನ್ನ ಕಡೆಗೆ, ಸ್ವಲ್ಪ ಎಡಕ್ಕೆ ತಪ್ಪಿ, ಅಂಗೈ ಚಾಚಿದಳು. ಗುಳಿಗೆ ಇಟ್ಟೆ. ಲೋಟ ಕೈಗೆ ಕೊಟ್ಟೆ. ನುಂಗಿದಳು. ಲೋಟ ಬಾಯಿಂದ ಇಳಿಸದೆ ನೀರು ಪೂರ್ತಿ ಕುಡಿದಳು. ಇನ್ನೊಂದು ಲೋಟ ಕೇಳಿದಳು.

“ಇನ್ನ ಏನ ಬಿಡಲೋ ಇದರ ಬದಲಿ? ಬಿಡಾಕ ಏನೂ ಉಳದಿಲ್ಲ,” ಎಂದಳು. ನಾನು ಲೋಟ ತುಂಬಿ ಕೊಟ್ಟೆ. ಕುಡಿದು ಗೋಡೆಯ ಕಡೆ ಹೊರಳಿ ಮಲಗಿದಳು.

ನನಗೆ ಎಚ್ಚರವಾದಾಗ ಮುಖದ ಮೇಲೆ ಬಿಸಿಲಿತ್ತು. ದಿಗ್ಗನೆ ಎದ್ದು ಅವಳ ಹಾಸಿಗೆಗೆ ಧಾವಿಸಿದೆ. ಬಾಯಿ ಸ್ವಲ್ಪ ತೆರೆದು, ಒಂದು ಕೈ ಕೆನ್ನೆಯ ಕೆಳಗಿಟ್ಟು, ಅಕ್ಕ ಗೊರಕೆ ಹೊಡೆಯುತ್ತಿದ್ದಳು. ಹೊತ್ತು ಏರಿತ್ತು. ಅವಳನ್ನು ಎಬ್ಬಿಸಲಿಲ್ಲ. ಬೆಳಗಿನ ಗುಳಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಅವಳು ತಾನಾಗಿ ಏಳುವವರೆಗೆ ಹೊಸ್ತಿಲ ಮೇಲೆ ಕೂತಿದ್ದೆ.